ಯಾಣದ ಹನಿಯೂ ಬರ್ನೌಲಿಯ ಸೂತ್ರವೂ

ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ ಎಂಬುದು ಉತ್ತರಕನ್ನಡದ ಹಳೆಯ ಗಾದೆ. ಕುಮಟೆಯ ಕಡೆಯಿಂದ ಕಾಡು ಹೊಕ್ಕು ಆ ಕರಿಬಂಡೆಗಳ ಬುಡದಲ್ಲಿ ನಿಂತವನ ಸೊಕ್ಕು ಅಡಗುವುದಂತೂ ದಿಟ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರು. ಮೋಹಿನಿ ಶಿಖರದ್ದು 90. ಗುಹೆಯ ಲಿಂಗದ ಮೇಲೆ ಸುಣ್ಣಕಲ್ಲಿನ ಬಂಡೆಯಿಂದ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಭಕ್ತನಿಗೆ ಅದು ಗಂಗೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಒಂದು ಲೆಕ್ಕ.

ಆ ಲೆಕ್ಕದ ಸೂತ್ರಕ್ಕೆ ಮೂಲ ಡೇನಿಯಲ್ ಬರ್ನೌಲಿಯು 1738ರಲ್ಲಿ ಪ್ರಕಟಿಸಿದ ‘ಹೈಡ್ರೊಡೈನಾಮಿಕ’ ಎಂಬ ಗ್ರಂಥ. ಅದಕ್ಕೆ ಇಂದಿನ ಸಮೀಕರಣದ ರೂಪ ಕೊಟ್ಟವನು ಅವನ ಗೆಳೆಯ ಆಯ್ಲರ್. ಹರಿಯುವ ನೀರಿನ ಶಕ್ತಿ ಮೂರು ಗಂಟುಗಳಲ್ಲಿರುತ್ತದೆ: ಎತ್ತರದ್ದು, ಒತ್ತಡದ್ದು, ವೇಗದ್ದು. ಒಂದರಲ್ಲಿ ಕಡಮೆಯಾದುದು ಇನ್ನೊಂದಕ್ಕೆ ಸೇರುತ್ತದೆ. ಮೊತ್ತ ಮಾತ್ರ ಬದಲಾಗದು.

ಶಿಖರದ ನೆತ್ತಿಯಲ್ಲಿ ಒಂದು ಕೊಳ, ಅಲ್ಲಿಂದ ಬುಡದವರೆಗೆ ಒಂದು ಕೊಳವೆ ಇದೆಯೆಂದು ಭಾವಿಸೋಣ. ಮೇಲೂ ಕೆಳಗೂ ಇರುವುದು ಗಾಳಿಯ ಒತ್ತಡವೇ. ಆದುದರಿಂದ ಆ ಗಂಟು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಕೊಳದ ಮೇಲ್ಮೈ ನಿಶ್ಚಲವೆನ್ನಬಹುದು. ಉಳಿದ ಎತ್ತರವೆಲ್ಲ ವೇಗವಾಗಬೇಕು. ವೇಗದ ವರ್ಗವು 2 × 9.8 × 120, ಎಂದರೆ 2352. ವೇಗವು ಸೆಕೆಂಡಿಗೆ 48 ಮೀಟರಿಗೂ ಮಿಗಿಲು. ಈ ರಭಸದಿಂದ ಗಂಗೆ ಇಳಿದರೆ ಲಿಂಗದ ಪಾಡೇನು?

ಹಾಗಾದರೆ ಯಾಣದಲ್ಲಿ ಬರಿಯ ಹನಿಯೇಕೆ? ಬರ್ನೌಲಿಯ ನೀರಿಗೆ ಜಿಗುಟಿಲ್ಲ, ತಿಕ್ಕಾಟವಿಲ್ಲ. ಅದು ಕಾಗದದ ಮೇಲಿನ ನೀರು. ಬಂಡೆಯ ಕೂದಲೆಳೆಯಂಥ ಬಿರುಕುಗಳಲ್ಲಿ ಜಿನುಗುವ ನೀರು ಗೋಡೆಗಳಿಗೆ ಉಜ್ಜಿಕೊಂಡು ತನ್ನ ಎತ್ತರದ ಶಕ್ತಿಯನ್ನೆಲ್ಲ ಕಾಣದ ಕಾವಾಗಿ ಕಳೆದುಕೊಳ್ಳುತ್ತದೆ. ಗಂಗೆಯ ಸೊಕ್ಕನ್ನು ಮುರಿದ ಜಟೆಯನ್ನು ಇಲ್ಲಿ ಕಲ್ಲಿನಲ್ಲಿಯೇ ಕಾಣಬಹುದು.

ಯಾಣವು ಭಸ್ಮಾಸುರನ ಕಥೆಯ ನೆಲ. ವರ ಕೊಟ್ಟವನನ್ನೇ ಅವನು ಅಟ್ಟಿಕೊಂಡು ಬಂದ. ಬರ್ನೌಲಿಯ ಮನೆಯಲ್ಲಿ ಕಥೆ ತಿರುಗುಮುರುಗಾಯಿತು. 1734ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯ ಬಹುಮಾನವನ್ನು ತಂದೆ ಯೋಹಾನ್ ಮಗನೊಡನೆ ಹಂಚಿಕೊಳ್ಳಬೇಕಾಯಿತು. ಅದನ್ನು ಆ ಹಿರಿಯನ ಮನಸ್ಸು ಸಹಿಸಲಿಲ್ಲ. 1740ರ ದಶಕದಲ್ಲಿ ‘ಹೈಡ್ರಾಲಿಕ’ ಎಂಬ ತನ್ನ ಕೃತಿಯನ್ನು ಹೊರತಂದು, ಅದು 1732ರದೆಂದು ನಮೂದಿಸಿದ, ಮಗನಿಗಿಂತ ತಾನೇ ಮೊದಲಿಗನೆನಿಸಲು! ಶಕ್ತಿಯ ಮೊತ್ತ ಬದಲಾಗದೆಂಬ ನಿಯಮ ಕೀರ್ತಿಗೂ ಅನ್ವಯಿಸುತ್ತದೆಂದು ಬಗೆದನೋ ಏನೋ, ಪಾಪ.

ಇದೆಲ್ಲ ಪಂಡಿತರ ಮಾತೆಂದು ನಮ್ಮ ತೋಟಿಗರು ನಗಬೇಕಾಗಿಲ್ಲ. ಗುಡ್ಡದ ಒರತೆಯನ್ನು ಯಂತ್ರವಿಲ್ಲದೆ ಅಡಕೆತೋಟಕ್ಕೆ ಇಳಿಸುವವರಿಗೆ ಈ ಲೆಕ್ಕ ಹೊಟ್ಟೆಪಾಡಿನದು. ಒರತೆ 10 ಮೀಟರು ಮೇಲಿದ್ದರೆ ಸೂತ್ರವು ಸೆಕೆಂಡಿಗೆ 14 ಮೀಟರು ವೇಗವನ್ನು ಹೇಳುತ್ತದೆ. ಸಪೂರವಾದ ಉದ್ದನೆಯ ಕೊಳವೆ ಅದನ್ನು ದಾರಿಯಲ್ಲಿಯೇ ನುಂಗುತ್ತದೆ. ಅಷ್ಟೇ ನೀರನ್ನು ಸಾಗಿಸುವಾಗ ಕೊಳವೆಯ ಒಳವ್ಯಾಸವನ್ನು ಇಮ್ಮಡಿಸಿದರೆ ತಿಕ್ಕಾಟದ ನಷ್ಟ ಸುಮಾರು 30ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೇಸಗೆಯಲ್ಲಿ ತೋಟದ ಕೊನೆಯ ಸಾಲಿನ ಗಿಡಕ್ಕೆ ನೀರು ಮುಟ್ಟುವುದೂ ಮುಟ್ಟದಿರುವುದೂ ಎಷ್ಟೋ ಸಲ ಇಷ್ಟರ ಮೇಲೆಯೇ ನಿಂತಿದೆ.