ಹೋದ ಸರ ಒಂದು, ಬಂದ ಸರ ಇನ್ನೊಂದು

ವರಮಹಾಲಕ್ಷ್ಮಿ ಹಬ್ಬ ಮುಗಿದು ಹತ್ತು ದಿನ ಆಗಿತ್ತು. ಕೆ.ಆರ್.ಎಸ್.ನ ನಮ್ಮ ಮನೆ ಬಾಗಿಲಲ್ಲಿ ಬೈಕ್ ನಿಲ್ಲಿಸಿದ ಕೊರಿಯರ್ ಹುಡುಗ, "ಅಕ್ಕಾ, ಮೂರು ರಿಟರ್ನ್ ಐತೆ, ಬಿರ್‍ರನೆ ಓಟಿಪಿ ಯೋಳಿ, ಬೆಳಗೊಳಕ್ಕೆ ಓಗ್ಬೇಕು" ಅಂದ. ಹೇಳಿದೆ. ಅವನು ಹೋದ ಮೇಲೆ ಒಲೆ ಮೇಲಿದ್ದ ಹಾಲು ಇಳಿಸಿ, ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿದೆ. ಮೊದಲೆರಡರಲ್ಲಿ ಓಲೆಗಳು ನಾನು ಕಳಿಸಿದ ಹಾಗೇ ಇದ್ದವು. ಮೂರನೆಯದರಲ್ಲಿ ಇರಬೇಕಾದದ್ದು ಲಕ್ಷ್ಮೀಕಾಸಿನ ಸರ. ಸರವೇನೋ ಇತ್ತು, ಆದರೆ ಅದು ನನ್ನದಲ್ಲ. ಪಾಲಿಶ್ ಪೂರ್ತಿ ಕಪ್ಪಾಗಿತ್ತು, ಎರಡು ಕಾಸು ಉದುರಿದ್ದವು, ಕೊಂಡಿಯ ಹತ್ತಿರ ಅರಿಶಿನದ ಕಲೆ ಬೇರೆ. ಯಾರೋ ವರ್ಷಗಟ್ಟಲೆ ಹಾಕಿ ಬಿಸಾಡಬೇಕೆಂದಿದ್ದ ಹಳೇ ಸರ.

ಅತ್ತೆ ಅದನ್ನು ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ನಮ್ಮದಲ್ಲ ಕನವ್ವ" ಅಂದರು. ಅವರಿಗೆ ಒಂದು ನೋಟ ಸಾಕು. ಇಪ್ಪತ್ತೆರಡು ವರ್ಷ ಬೃಂದಾವನದ ಗೇಟಿನ ಹತ್ತಿರ ಬಳೆ, ಮಣಿಸರ, ಓಲೆ ಮಾರಿದ ಕೈ ಅದು. ಆದರೆ ಬೆಂಗಳೂರಿನಲ್ಲೋ ಇನ್ನೆಲ್ಲೋ ಕುಳಿತು ನನ್ನ ದೂರು ಓದುವವರಿಗೆ ಅತ್ತೆಯ ನೋಟ ಸಾಕಾಗುವುದಿಲ್ಲವಲ್ಲ!

ನಾನು ಈ ವ್ಯಾಪಾರಕ್ಕೆ ಇಳಿದದ್ದು 2023ರ ಕೊನೆಯಲ್ಲಿ. ಅದಕ್ಕೂ ಮುಂಚೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರಬೇಕೆಂದರೆ ಎಷ್ಟೇ ಸಣ್ಣ ವ್ಯಾಪಾರವಾಗಲಿ ಜಿಎಸ್‌ಟಿ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಆ ನಿಯಮ ಸಡಿಲವಾಯಿತು. ವರ್ಷದ ವಹಿವಾಟು 40 ಲಕ್ಷದೊಳಗೆ ಇರುವವರು ಪ್ಯಾನ್ ಕೊಟ್ಟು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗೆ ಮಾತ್ರ ಮಾರಬಹುದು. ನನ್ನಂಥವರಿಗೆ ಅದೇ ಬಾಗಿಲು ತೆರೆದ ಹಾಗಾಯಿತು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ, ಚಿಕ್ಕಪೇಟೆ ಸುತ್ತಿನ ಗಲ್ಲಿಗಳಲ್ಲಿ ಒನ್ ಗ್ರಾಂ ಗೋಲ್ಡ್ ಸಾಮಾನು ತಂದೆ. ಪದಕ, ಮಣಿ, ಕಾಸು ಬಿಡಿಬಿಡಿಯಾಗಿ ತಂದು ಮನೆಯಲ್ಲೇ ಪೋಣಿಸುವುದೂ ಉಂಟು. ಕಾಸಿನ ಸರಕ್ಕೆ 1,180 ರೂಪಾಯಿ ಇಟ್ಟಿದ್ದೆ. ಸಾಮಾನಿಗೇ 640 ಬಿದ್ದಿತ್ತು. ಸರ ಹೋಯಿತು, ಬಂದ ದುಡ್ಡೂ ಹೋಯಿತು, ವಾಪಸ್ ತಂದ ಕೊರಿಯರ್ ಖರ್ಚು ಅಂತ ಮೇಲೆ 160 ರೂಪಾಯಿ ಮುರಿದುಕೊಂಡರು. ಆ ವಾರದ ಸಂಘದ ಕಂತು ಕಟ್ಟುವುದಕ್ಕೆ ಮಗಳ ಸ್ಕೂಲ್ ಬ್ಯಾಗಿಗೆ ಎತ್ತಿಟ್ಟಿದ್ದ ದುಡ್ಡಿಗೆ ಕೈ ಹಾಕಿದೆ.

ದೂರು ಕೊಟ್ಟೆ. ಫೋಟೊ ಹಾಕಿ ಅಂದರು, ನಾಲ್ಕು ಹಾಕಿದೆ. ಎರಡು ದಿನಕ್ಕೆ ಉತ್ತರ ಬಂತು: 'ಒದಗಿಸಿದ ಚಿತ್ರಗಳಿಂದ ದೂರು ಸಾಬೀತಾಗುವುದಿಲ್ಲ.' ಮತ್ತೆ ಬರೆದೆ. ಅದೇ ಸಾಲು, ಕೆಳಗೆ ಬೇರೆ ಹೆಸರು. ಮೂರನೇ ಸಲ ಬರೆದಾಗ 'ಪ್ರಕರಣ ಮುಕ್ತಾಯವಾಗಿದೆ' ಅಂತ ಬಂತು. ಸಿಟ್ಟಿನಲ್ಲಿ ಮೊಬೈಲ್ ಎಸೆಯಬೇಕು ಅನ್ನಿಸಿತು. ಎಸೆದರೆ ಅಂಗಡಿಯೇ ಹೋಗುತ್ತದಲ್ಲ ಅಂತ ಸುಮ್ಮನಾದೆ.

ಸಿಟ್ಟು ಇಳಿದ ಮೇಲೆ ಯೋಚನೆ ಮಾಡಿದೆ. ಆ ಜಾಗದಲ್ಲಿ ನಾನೇ ಕುಳಿತಿದ್ದರೆ ಏನು ತೀರ್ಪು ಕೊಡುತ್ತಿದ್ದೆ? ಒಂದು ಕಡೆ ಹಳೇ ಸರದ ಫೋಟೊ. ಅದು ಆ ಪೊಟ್ಟಣದಿಂದಲೇ ಬಂತು ಅನ್ನುವುದಕ್ಕೆ ಏನು ಗುರುತು? ನಾನು ಕಳಿಸಿದ್ದು ಹೊಸದೇ ಅನ್ನುವುದಕ್ಕೆ ಏನಿದೆ? ಇನ್ನೊಂದು ಕಡೆ, 'ಬಂದದ್ದೇ ಹೀಗೆ' ಅನ್ನುವ ಗ್ರಾಹಕಿ. ಅವರೂ ಸುಳ್ಳು ಹೇಳುತ್ತಿದ್ದಾರೆ ಅನ್ನಲು ಏನು ಆಧಾರ? ದಾರಿಯಲ್ಲಿ ಯಾವುದೋ ಗೋಡೌನಿನಲ್ಲಿ ಪೊಟ್ಟಣ ಅದಲು ಬದಲಾಗಿರಬಾರದು ಅಂತೇನಿಲ್ಲ. ನನ್ನ ನಾದಿನಿ ಒಮ್ಮೆ ಮುತ್ತಿನ ಸೆಟ್ ತರಿಸಿದಾಗ ಬಂದದ್ದು ಎರಡು ಹೇರ್ ಬ್ಯಾಂಡು. ಆವತ್ತು ಮಾರಿದವರ ವಿರುದ್ಧ ಅವಳಿಗಿಂತ ಜಾಸ್ತಿ ಕೂಗಾಡಿದ್ದು ನಾನೇ!

ಅತ್ತೆಯ ಅಂಗಡಿಯಲ್ಲಿ ಈ ತಕರಾರು ಇರಲಿಲ್ಲ. ಗಾಜಿನ ಬಳೆ ತೊಡಿಸುವಾಗ ಒಡೆದರೆ ಅದು ಅತ್ತೆಯ ಲೆಕ್ಕ. ತೊಟ್ಟು ಎದ್ದು ನಿಂತ ಮೇಲೆ ಒಡೆದರೆ ತೊಟ್ಟವರ ಲೆಕ್ಕ. ಓಲೆ ಆದರೆ ಗಿರಾಕಿಯೇ ಕನ್ನಡಿ ಹಿಡಿದು, ತಿರುಪು ತಿರುಗಿಸಿ ನೋಡಿ ಒಪ್ಪಿಕೊಳ್ಳುತ್ತಿದ್ದರು. ಕೊಟ್ಟ ಗಳಿಗೆ, ತಗೊಂಡ ಗಳಿಗೆ ಎರಡೂ ಒಂದೇ, ಇಬ್ಬರ ಕಣ್ಣೂ ಅಲ್ಲೇ. ಈಗ ನಾನು ಸೋಮವಾರ ಕೊಟ್ಟದ್ದನ್ನು ಅವರು ಬುಧವಾರ ತಗೊಳ್ಳುತ್ತಾರೆ. ನಡುವೆ ಯಾರ್‍ಯಾರ ಕೈ ದಾಟುತ್ತದೋ! ವಾಪಸ್ ಬರುವಾಗಲೂ ಅಷ್ಟೇ. ನಾಲ್ಕು ಗಳಿಗೆಗಳಲ್ಲಿ ಒಂದಕ್ಕೂ ಸಾಕ್ಷಿ ಇಲ್ಲ. ದುಬಾರಿ ಮೊಬೈಲ್‌ಗಳನ್ನು ಕೆಲವು ಕಂಪನಿಗಳು ಗ್ರಾಹಕರ ಎದುರೇ ಡಬ್ಬಿ ಬಿಚ್ಚಿ ತೋರಿಸಿ ಕೊಡುತ್ತವೆ. ಸಾವಿರ ರೂಪಾಯಿ ಸರಕ್ಕೆ ಆ ಭಾಗ್ಯ ಎಲ್ಲಿ?

ನಮ್ಮ ಕಡೆಯವರಿಗೆ ಮೇಲುಕೋಟೆಯ ವೈರಮುಡಿ ಗೊತ್ತೇ ಇದೆ. ಚೆಲುವನಾರಾಯಣಸ್ವಾಮಿಯ ಆ ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಎದುರಿನಲ್ಲಿ ಪೂಜೆ ಮಾಡಿ ಹೊರತೆಗೆದು, ಪೊಲೀಸ್ ಕಾವಲಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರದ ಹಾದಿಯಲ್ಲಿ ಮೇಲುಕೋಟೆಗೆ ಒಯ್ಯುತ್ತಾರೆ. ಅಲ್ಲಿ ಮತ್ತೆ ಎಲ್ಲರ ಎದುರು ಆಭರಣಗಳ ಪರಿಶೀಲನೆ ನಡೆಯುತ್ತದೆ, ಅದಕ್ಕೆ 'ಪಾರ್ಕಾವಣೆ' ಅನ್ನುತ್ತಾರೆ. ಉತ್ಸವ ಆದ ಮೇಲೆ ಒಡವೆ ಖಜಾನೆಗೆ ವಾಪಸ್. ಯಾರ ಮೇಲೂ ಅನುಮಾನ ಅಂತಲ್ಲ, ಒಡವೆ ಕೈ ಬದಲಾಯಿಸುವ ಪ್ರತಿ ಹೊತ್ತಿನಲ್ಲೂ ನೋಡುವ ಕಣ್ಣು ಇರಬೇಕು. ನಮ್ಮ ಕಾಸಿನ ಸರವನ್ನು ವೈರಮುಡಿಗೆ ಹೋಲಿಸಿದ್ದಕ್ಕೆ ಸ್ವಾಮಿ ಕ್ಷಮಿಸಲಿ. ಆದರೆ 'ನಮಗೂ ಒಂದು ಪಾರ್ಕಾವಣೆ ಬೇಕು ಕಣತ್ತೆ' ಅಂತ ನಾನು ಅಂದದ್ದು ಅಲ್ಲಿಂದಲೇ.

ಚಿನ್ನದ ಒಡವೆಗಾದರೆ ಸರ್ಕಾರವೇ ಗುರುತು ಕೊಟ್ಟಿದೆ. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಹಂತ ಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಕಡ್ಡಾಯ ಇರುವ ಕಡೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದ ಒಡವೆಯನ್ನು ಅಂಗಡಿಯವರು ಮಾರುವ ಹಾಗಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಇದೆ. ಆ ಸಂಖ್ಯೆ ಒಂದೊಂದು ಒಡವೆಗೂ ಬೇರೆ ಬೇರೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ, ಎಷ್ಟು ಶುದ್ಧ ಅನ್ನುವುದು ಬರುತ್ತದೆ. ಹಾಗಾಗಿ ಚಿನ್ನದುಂಗುರ ಆನ್‌ಲೈನ್‌ನಲ್ಲಿ ತರಿಸುವವರು ಡಬ್ಬಿ ಬಿಚ್ಚುವಾಗಲೇ ಬಿಲ್ಲು, ಎಚ್‌ಯುಐಡಿ ಎರಡನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ಮಾಡುವ ಹೊತ್ತಿಗೆ 'ಇದು ಆ ಉಂಗುರ ಅಲ್ಲ' ಅನ್ನುವ ಮಾತು ಹುಟ್ಟುವುದಿಲ್ಲ.

ಒನ್ ಗ್ರಾಂ ಗೋಲ್ಡ್‌ಗೆ ಅಂಥ ಸಂಖ್ಯೆ ಎಲ್ಲಿಂದ ಬರಬೇಕು? ನಾವೇ ಮಾಡಿಕೊಂಡೆವು. ಪ್ರತಿ ಸರದ ಕೊಂಡಿಗೆ ಕೆಂಪು ದಾರದಲ್ಲಿ ಪುಟ್ಟ ಚೀಟಿ, ಅದರ ಮೇಲೆ ನನ್ನ ಕೈಬರಹದಲ್ಲಿ ಸಂಖ್ಯೆ. ದಾರ ಕತ್ತರಿಸದೆ ಸರ ಕತ್ತಿಗೆ ಹಾಕಲು ಆಗದ ಹಾಗೆ ಎರಡೂ ಕೊಂಡಿ ಸೇರಿಸಿ ಕಟ್ಟುತ್ತೇನೆ. ಮುನ್ನೂರು ರೂಪಾಯಿಯ ಪುಟ್ಟ ತಕ್ಕಡಿ ತಂದು ತೂಕ ನೋಡುತ್ತೇನೆ. ಪ್ಯಾಕಿಂಗ್ ವಿಡಿಯೊ ಮುಂಚೆಯೂ ಮಾಡುತ್ತಿದ್ದೆ, ಆದರೆ ಸರ ಡಬ್ಬಿಗೆ ಹಾಕುವುದು ಒಂದು ತುಂಡು, ಲೇಬಲ್ ಅಂಟಿಸುವುದು ಇನ್ನೊಂದು ತುಂಡು. ಮಧ್ಯೆ ಕತ್ತರಿ ಬಿದ್ದರೆ ಆ ವಿಡಿಯೊಗೆ ಬೆಲೆ ಇಲ್ಲ. ಈಗ ಸರ, ಚೀಟಿ, ತಕ್ಕಡಿಯ ಅಂಕಿ, ಡಬ್ಬಿ, ಲೇಬಲ್ಲಿನ ಆರ್ಡರ್ ಸಂಖ್ಯೆ ಎಲ್ಲ ಒಂದೇ ಓಟದಲ್ಲಿ. ವಾಪಸ್ ಬಂದದ್ದಕ್ಕೂ ಹಾಗೇ: ಪೊಟ್ಟಣದ ಆರೂ ಮುಖ ತೋರಿಸಿ, ಲೇಬಲ್ ತೋರಿಸಿ, ಆಮೇಲೇ ಕತ್ತರಿ. ಓಟಿಪಿ ಕೊಡುವ ಮುಂಚೆಯೇ ಬಿಚ್ಚಿ ನೋಡುತ್ತೇನೆ ಅಂದರೆ ಕೊರಿಯರ್ ಹುಡುಗರು ಗೊಣಗುತ್ತಾರೆ. ಗೊಣಗಲಿ ಬಿಡಿ, ಒಂದು ಲೋಟ ಮಜ್ಜಿಗೆ ಕೊಟ್ಟರೆ ಎರಡು ನಿಮಿಷ ನಿಲ್ಲುತ್ತಾರೆ.

ಇದಾದ ಮೇಲೆ ದೀಪಾವಳಿಗೆ ಹೋದ ಒಂದು ಜುಮುಕಿ ಸೆಟ್ಟಿನಲ್ಲಿ ಒಂದೇ ಜುಮುಕಿ ವಾಪಸ್ ಬಂತು. ವಿಡಿಯೊ ಹಾಕಿದೆ. ಆರನೇ ದಿನ ಪೂರ್ತಿ ದುಡ್ಡು ಬಂತು. ಅವತ್ತು ಮನೆಯಲ್ಲಿ ಒಬ್ಬಟ್ಟು ಮಾಡಿದೆವು ಅಂದರೆ ನೀವು ನಗಬಹುದು.

ಆದರೆ ಹೇಳಲೇಬೇಕಾದ್ದು ಸಂಕ್ರಾಂತಿ ಹೊತ್ತಿನ ಸಂಗತಿ. ಕೆಂಪು ಕಲ್ಲಿನ ಪದಕದ ಸರ ಆರ್ಡರ್ ಮಾಡಿದ್ದ ಒಬ್ಬರು 'ಹಸಿರು ಕಲ್ಲಿನದು ಬಂದಿದೆ' ಅಂತ ವಾಪಸ್ ಮಾಡಿದರು. ನನ್ನ ಹತ್ತಿರ ಹಸಿರಿನದೂ ಉಂಟು. ನನಗೆ ಉರಿದು ಹೋಯಿತು. ಎರಡೂ ಸರ ಕೊಂಡು, ಒಂದು ಇಟ್ಟುಕೊಂಡು ಇನ್ನೊಂದು ಕಳಿಸಿದ್ದಾರೆ ಅಂತಲೇ ತೀರ್ಮಾನಿಸಿದೆ. 'ಮೋಸ', 'ಕಳ್ಳತನ' ಅಂತೆಲ್ಲ ಖಾರವಾಗಿ ದೂರು ಬರೆದು, ವಿಡಿಯೊ ಸೇರಿಸೋಣ ಅಂತ ತೆರೆದೆ. ನೋಡುತ್ತೇನೆ, ನನ್ನದೇ ಕೈ, ನನ್ನದೇ ಬಳೆ, ಹಸಿರು ಕಲ್ಲಿನ ಡಬ್ಬಿಗೆ ಹೋಗಿ ಸರ ಎತ್ತಿಕೊಳ್ಳುತ್ತಿದೆ! ಅದೇ ಹೊತ್ತಿಗೆ ಮಗಳು "ಅಮ್ಮಾ, ನೀರು ಬಂತು" ಅಂತ ಕೂಗಿದ್ದೂ ವಿಡಿಯೊದಲ್ಲಿ ಕೇಳಿಸುತ್ತಿತ್ತು. ಬರೆದದ್ದನ್ನೆಲ್ಲ ಅಳಿಸಿದೆ. ಆ ಗ್ರಾಹಕಿಯ ನಂಬರ್ ನಮಗೆ ಕೊಡುವುದಿಲ್ಲ, ಕ್ಷಮೆ ಕೇಳುವ ದಾರಿಯೂ ಇರಲಿಲ್ಲ. ಅವರೇ ಮತ್ತೆ ಕೆಂಪಿನದು ಆರ್ಡರ್ ಮಾಡಿದರು. ಡಬ್ಬಿಯಲ್ಲಿ ಒಂದು ಜೊತೆ ಸಣ್ಣ ಓಲೆ, 'ತಪ್ಪು ನನ್ನದು' ಅಂತ ಒಂದು ಚೀಟಿ ಇಟ್ಟೆ.

ಕಾಯ್ದೆ ಏನು ಹೇಳುತ್ತದೆ ಅಂತ ಸಂಘದ ಗೆಳತಿಯರು ಕೇಳುತ್ತಿರುತ್ತಾರೆ. ಕೊಳ್ಳುವವರಿಗೆ ಗಟ್ಟಿ ಆಸರೆ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ದೋಷದ್ದಾದರೆ, ನಕಲಿಯಾದರೆ, ವಿವರಣೆಗೆ ಹೊಂದದಿದ್ದರೆ ಮಾರುವವರು ವಾಪಸ್ ತಗೊಳ್ಳಲು ನಿರಾಕರಿಸುವ ಹಾಗಿಲ್ಲ. ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಟಿಕೆಟ್ ಸಂಖ್ಯೆ ಕೊಡಬೇಕು. ಬಗೆಹರಿಯದಿದ್ದರೆ 1915ಕ್ಕೆ ಕರೆ ಮಾಡಬಹುದು. ಮಂಡ್ಯದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಇದೆಲ್ಲ ಬೇಕಾದ್ದೇ, ನಾದಿನಿಯ ಹೇರ್ ಬ್ಯಾಂಡ್ ನಾನು ಮರೆತಿಲ್ಲ.

ಮಾರುವವರ ಪಾಲಿಗೆ ಇರುವುದು ಕರಾರು. ಮಾರುವವರು ಜಾಲತಾಣದೊಂದಿಗೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಂಡಿರಬೇಕು ಅಂತ ಅದೇ ನಿಯಮಗಳು ಹೇಳುತ್ತವೆ. ನಾವು ಓದದೆ 'ಒಪ್ಪಿದ್ದೇನೆ' ಅಂತ ಒತ್ತುವುದು ಅದನ್ನೇ. ತಪ್ಪು ಸರಕು ವಾಪಸ್ ಬಂದರೆ ಎಷ್ಟು ದಿನದೊಳಗೆ ದೂರಬೇಕು, ಯಾವ ಬಗೆಯ ವಿಡಿಯೊ ಬೇಕು, ವಾಪಸಿನ ಖರ್ಚು ಯಾರದ್ದು, ಎಲ್ಲ ಅದರಲ್ಲೇ ಇರುತ್ತದೆ. ನಾನು ಓದಿದ್ದು ಸರ ಕಳಕೊಂಡ ಮೇಲೆ. ಗ್ರಾಹಕರ ಆಯೋಗಕ್ಕೆ ನಾವು ಹೋದರೆ, 'ನೀವು ವ್ಯಾಪಾರಿ, ಗ್ರಾಹಕರಲ್ಲ' ಅನ್ನುವ ವಾದ ಮೊದಲೇ ಎದುರಾಗುತ್ತದೆ. ಬೇಕೆಂದೇ ಮೋಸ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಇದೆ. ವಿಡಿಯೊವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಇಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. 1,180 ರೂಪಾಯಿಗೆ ಸ್ಟೇಷನ್ ಮೆಟ್ಟಿಲು ಹತ್ತುವವರು ಯಾರು? ಅದೇ ತಿಂಗಳಿಗೆ ನಾಲ್ಕು ಸಲ ಆದರೆ ಒಬ್ಬ ಹೆಣ್ಣುಮಗಳ ಅಂಗಡಿ ಮುಚ್ಚುತ್ತದೆ. ಒಬ್ಬರೇ ಗ್ರಾಹಕರು ಹತ್ತು ಅಂಗಡಿಗೆ ಹೀಗೆ ಮಾಡಿದರೆ ಅದು ಜಾಲತಾಣಕ್ಕೆ ಗೊತ್ತಾಗಬಹುದು, ನಮಗೆ ಗೊತ್ತಾಗುವುದಿಲ್ಲ. ದೂರು ತಿರಸ್ಕರಿಸುವಾಗ 'ಸಾಬೀತಾಗುವುದಿಲ್ಲ' ಅನ್ನುವ ಬದಲು ವಿಡಿಯೊದಲ್ಲಿ ಯಾವುದು ಕಾಣಿಸಲಿಲ್ಲ ಅಂತ ಒಂದು ಸಾಲು ಬರೆದರೆ ಎಷ್ಟೋ ಉಪಕಾರ. ನನಗೆ ಅದು ಗೊತ್ತಾಗಲು ಒಂದು ಸರವೇ ಹೋಯಿತು.

ಈ ವರ್ಷದ ವರಮಹಾಲಕ್ಷ್ಮಿಗೆ ಆರ್ಡರ್ ಶುರುವಾಗಿವೆ. ಬುಧವಾರ ತಲುಪಿ, ಶುಕ್ರವಾರ ಪೂಜೆಗೆ ಕತ್ತಿಗೇರಿ, ಸೋಮವಾರ 'ಇಷ್ಟ ಆಗಲಿಲ್ಲ' ಅಂತ ಹೊರಡುವ ಸರಗಳು ಈ ಸಲವೂ ಇದ್ದೇ ಇರುತ್ತವೆ. ದಾರ ಕತ್ತರಿಸಿದ್ದು ಕಂಡರೂ ಕೆಲವನ್ನು ನುಂಗಿಕೊಳ್ಳಬೇಕು. ಮೊಬೈಲ್ ಹಿಡಿಯುವ ಕೆಲಸ ಈಗ ಅತ್ತೆಯದು. ಅವರ ಹೆಬ್ಬೆರಳು ಅರ್ಧ ವಿಡಿಯೊಗೆ ಅಡ್ಡ ಬರುತ್ತದೆ ಅಂತ ಮಗಳು ಬೈಯುತ್ತಾಳೆ. ನಿನ್ನೆ ಒಂದು ಕಾಸಿನ ಸರ ಡಬ್ಬಿಗೆ ಇಡುವಾಗ ಅತ್ತೆ, "ತಡಿ ತಡಿ, ಚೀಟಿ ಕಾಣ್ತಾ ಇಲ್ಲ, ಇನ್ನೊಂದ್ಸಲ ತೆಗ್ದು ತೋರ್ಸು" ಅಂದರು. ತೆಗೆದು ತೋರಿಸಿದೆ. 114ನೇ ನಂಬರ್, 38 ಗ್ರಾಂ.