ಥ್ರೆಡ್ ಹೋದ ಬೋಲ್ಟಿಗೆ ಯಾವ ಸಲಕರಣೆ?

ಹಬ್ಬಕ್ಕೆ ಇನ್ನು ಹತ್ತೇ ದಿನ. ಹೊಲಿಯಬೇಕಾದ ಬಟ್ಟೆಗಳ ರಾಶಿ ಮೂಲೆಯಲ್ಲಿ ಬಿದ್ದಿದೆ. ಆಗಲೇ ಹೊಲಿಗೆ ಯಂತ್ರದ ಪೆಡಲ್ ಕಳಚಿಕೊಳ್ಳುತ್ತದೆ. ಅದನ್ನು ಹಿಡಿದಿಟ್ಟಿದ್ದ ಬೋಲ್ಟು ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಮಿಸ್ತ್ರಿ ಬಂದು ನೋಡಿ, "ಆಪಾ, ಚೂಡಿ ಹೋಗೇತ್ರಿ" ಎನ್ನುತ್ತಾನೆ. ಹೊಸ ಸ್ಟ್ಯಾಂಡೇ ಕೊಳ್ಳಬೇಕೇ, ಸಣ್ಣ ದುರಸ್ತಿ ಸಾಕೇ? ಮನೆಯೊಡತಿಗೆ ತಿಳಿಯುವುದಿಲ್ಲ. ಹೊಲಿಗೆಯಿಂದಲೇ ಸಂಸಾರ ತೂಗಿಸುವವಳಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಬಳೆಗೂ ಬೋಲ್ಟಿನ ಥ್ರೆಡ್‌ಗೂ ಉರ್ದುವಿನಲ್ಲಿ ಒಂದೇ ಹೆಸರು: ಚೂಡಿ. ಕೈತುಂಬ ತೊಟ್ಟ ಬಳೆಗಳಂತೆಯೇ ಅದು ಸಾಲಾಗಿ ಕಾಣುತ್ತದೆ. ಆದರೆ ಬಳೆಗಳು ಬಿಡಿಬಿಡಿ. ಥ್ರೆಡ್ ಬುಡದಿಂದ ತುದಿಯವರೆಗೆ ಸುತ್ತಿ ಹೋದ ಒಂದೇ ಎಳೆ. ಒಂದು ಕಡೆ ಜಜ್ಜಿದರೂ ನಟ್ಟು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಗೆ ಈ ತೊಂದರೆ ಹೊಸದಲ್ಲ. ಕಬ್ಬು ಎಳೆಯುವ ಟ್ರ್ಯಾಕ್ಟರ್, ಹತ್ತಿಗೆ ಔಷಧಿ ಹೊಡೆಯುವ ಪಂಪು, ಹಿಟ್ಟಿನ ಗಿರಣಿ, ನೇಕಾರರ ಮಗ್ಗ ಎಲ್ಲವೂ ನಿಂತಿರುವುದು ನಟ್ಟು ಬೋಲ್ಟುಗಳ ಮೇಲೆಯೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿತ್ತು. ಹಾಗೆ ಕೆಸರು ನೀರಿನಲ್ಲಿ ಮುಳುಗಿದ ಯಂತ್ರ ಒಣಗಿದ ಮೇಲೆ ತುಕ್ಕು ಮೊದಲು ಹಿಡಿಯುವುದು ಥ್ರೆಡ್‌ನ ಸಂದುಗಳಿಗೆ.

ಹಾಳಾದದ್ದು ಬೋಲ್ಟೋ, ತೂತೋ?

ಮೊದಲು ಇದನ್ನು ತಿಳಿಯಿರಿ. ಅದೇ ಅಳತೆಯ ಹೊಸ ಬೋಲ್ಟನ್ನು ಕೈಯಿಂದಲೇ ಹಾಕಿ ನೋಡಿ. ಸರಿಯಾಗಿ ಕೂತರೆ ತೊಂದರೆ ಹಳೆಯ ಬೋಲ್ಟಿನದು. ಸಾಮಾನ್ಯ ಬೋಲ್ಟಾದರೆ ದುರಸ್ತಿಗೆ ಹೋಗಬೇಡಿ, ಬದಲಿಸಿಬಿಡಿ. ಕೆಲವೇ ರೂಪಾಯಿಯ ಕೆಲಸ. ತಲೆಯ ಮೇಲೆ 8.8 ಎಂಬಂಥ ಅಂಕಿ ಇದ್ದರೆ ಅದು ಬೋಲ್ಟಿನ ಗಟ್ಟಿತನದ ಗುರುತು. ಹೊಸದರಲ್ಲೂ ಅದೇ ಅಂಕಿ ಇರಲಿ.

ಹೊಸ ಬೋಲ್ಟೂ ಸಡಿಲವಾಗಿ ಸುತ್ತಿದರೆ ಯಂತ್ರದ ಮೈಯಲ್ಲಿರುವ ತೂತಿನ ಥ್ರೆಡ್ ಹೋಗಿದೆ ಎಂದರ್ಥ. ಮೈಯನ್ನು ಬದಲಿಸುವುದು ದುಬಾರಿ. ಸಲಕರಣೆಯ ನಿಜವಾದ ಉಪಯೋಗ ಇಲ್ಲಿಯೇ.

ಅಳತೆ ತಪ್ಪಬೇಡಿ

ಬೋಲ್ಟಿನ ದಪ್ಪ ಮಾತ್ರ ತಿಳಿದರೆ ಸಾಲದು, ಎರಡು ಸುತ್ತುಗಳ ನಡುವಿನ ಅಂತರವೂ ಬೇಕು. ಇದಕ್ಕೆ ಪಿಚ್ ಎನ್ನುತ್ತಾರೆ. ಸಾಮಾನ್ಯವಾಗಿ 6 ಮಿ.ಮೀ. ಬೋಲ್ಟಿಗೆ ಪಿಚ್ 1, 8ಕ್ಕೆ 1.25, 10ಕ್ಕೆ 1.5, 12ಕ್ಕೆ 1.75 ಮಿ.ಮೀ. ಇದೇ ದಪ್ಪಗಳಲ್ಲಿ ಸಣ್ಣ ಪಿಚ್‌ನ ಬೋಲ್ಟುಗಳೂ ಉಂಟು. ಹಲ್ಲು ಹಲ್ಲಾದ ತಗಡುಗಳ ಪಿಚ್ ಗೇಜ್ ಇದ್ದರೆ ಅಳೆಯುವುದು ಸುಲಭ. ಇಲ್ಲದಿದ್ದರೆ ಅಳತೆ ಗೊತ್ತಿರುವ ಬೋಲ್ಟನ್ನು ಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ನೋಡಿ. ನಡುವೆ ಸಂದು ಕಾಣದಿದ್ದರೆ ಪಿಚ್ ಒಂದೇ.

ಹಳೆಯ ಯಂತ್ರಗಳಲ್ಲಿ ಇಂಚಿನ ಬೋಲ್ಟುಗಳಿರುತ್ತವೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್‌ನ ಕೋನ 55 ಡಿಗ್ರಿ. ಇಂದಿನ ಮಿಲಿಮೀಟರ್ ಥ್ರೆಡ್‌ನದು 60. ಒಂದರಲ್ಲಿ ಇನ್ನೊಂದನ್ನು ತೂರಿಸಿದರೆ ಎರಡೂ ಕೆಡುತ್ತವೆ. ಹೊಲಿಗೆ ಯಂತ್ರದ ಎಷ್ಟೋ ಸ್ಕ್ರೂಗಳಂತೂ ಬೇರೆಲ್ಲೂ ಕಾಣದ ಅಳತೆಯವು. ಅವನ್ನು ಎಸೆಯಬೇಡಿ, ಹೊಲಿಗೆ ಯಂತ್ರದ ಬಿಡಿಭಾಗದ ಅಂಗಡಿಗೆ ಅದನ್ನೇ ಒಯ್ದು ತೋರಿಸಿ.

ಕಡಿಮೆ ಕೆತ್ತುವುದೇ ಉತ್ತಮ

ಹೆಚ್ಚಿನ ಬೋಲ್ಟುಗಳ ಥ್ರೆಡ್ ಕೊರೆದದ್ದಲ್ಲ, ಲೋಹವನ್ನು ಒತ್ತಿ ಮೂಡಿಸಿದ್ದು. ಅದರಿಂದಲೇ ಅದಕ್ಕೆ ಬಲ. ಕೆತ್ತಿದಷ್ಟೂ ಆ ಬಲ ಕಡಿಮೆಯಾಗುತ್ತದೆ. ಆದ್ದರಿಂದ ಈ ಕ್ರಮ ಅನುಸರಿಸಿ.

1. ಬರೀ ತುಕ್ಕು, ಕೆಸರು ಇದ್ದರೆ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ಗಂಟೆ ಬಿಡಿ. ನಂತರ ತಂತಿಯ ಬ್ರಷ್‌ನಿಂದ ಉಜ್ಜಿ.

2. ಬೋಲ್ಟಿನ ತುದಿ ಮಾತ್ರ ಜಜ್ಜಿದ್ದರೆ ಸಣ್ಣ ಮುಕ್ಕೋನದ ಅರ ಸಾಕು. ಅದರ ಮೂಲೆಯೂ 60 ಡಿಗ್ರಿಯದೇ. ಥ್ರೆಡ್ ಫೈಲ್ ಎಂಬ ಅರ ಇನ್ನೂ ಅನುಕೂಲ. ಅದರಲ್ಲಿ ಬೇರೆ ಬೇರೆ ಪಿಚ್‌ನ ಹಲ್ಲುಗಳಿರುತ್ತವೆ.

3. ಥ್ರೆಡ್ ಅಲ್ಲಲ್ಲಿ ಬಾಗಿದ್ದರೆ ಥ್ರೆಡ್ ಚೇಸರ್ ಬಳಸಿ. ಇದು ಹೊಸದಾಗಿ ಕೊರೆಯುವುದಿಲ್ಲ. ಹಳೆಯ ದಾರಿಯನ್ನೇ ಹಿಡಿದು ಸ್ವಚ್ಛ ಮಾಡಿ ನೇರ ಮಾಡುತ್ತದೆ. ಬೋಲ್ಟಿಗೆ ನಟ್ಟಿನಾಕಾರದ್ದು, ತೂತಿಗೆ ಬೋಲ್ಟಿನಾಕಾರದ್ದು ಬರುತ್ತದೆ. ಸಾಮಾನ್ಯ ಪಾನಾದಿಂದಲೇ ತಿರುಗಿಸಬಹುದಾದ್ದರಿಂದ ಮನೆಗೆ ಇದೇ ಒಳ್ಳೆಯದು.

4. ಥ್ರೆಡ್ ಬಹಳ ಕೆಟ್ಟಿದ್ದರೆ ಮಾತ್ರ ತೂತಿಗೆ ಟ್ಯಾಪ್, ಬೋಲ್ಟಿಗೆ ಡೈ. ಇವು ಲೋಹವನ್ನು ಕೊರೆಯುತ್ತವೆ. ಟ್ಯಾಪುಗಳು ಮೂರರ ಸೆಟ್ಟಿನಲ್ಲಿ ಸಿಗುತ್ತವೆ. ತುದಿ ಸಪೂರವಾದದ್ದನ್ನು ಮೊದಲು ಹಾಕಬೇಕು. ನೇರವಾಗಿ ಹಿಡಿದು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೋಗಿ. ಉಕ್ಕಿಗೆ ಎಣ್ಣೆ, ಅಲ್ಯುಮಿನಿಯಮ್‌ಗೆ ಸೀಮೆಎಣ್ಣೆ ಹಾಕಿ. ಬೀಡು ಕಬ್ಬಿಣಕ್ಕೆ ಏನೂ ಬೇಡ. ಟ್ಯಾಪ್ ಗಟ್ಟಿ, ಆದರೆ ಗಾಜಿನಂತೆ ಮುರಿಯುತ್ತದೆ. ಬಲ ಹಾಕಿದರೆ ತೂತಿನಲ್ಲೇ ತುಂಡಾಗಿ, ತೆಗೆಯುವುದು ಕಷ್ಟ.

5. ತೂತಿನಲ್ಲಿ ಥ್ರೆಡ್ಡೇ ಉಳಿಯದಿದ್ದರೆ ಅದನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಸ್ಪ್ರಿಂಗಿನಂಥ ತಂತಿಯ ಸುರುಳಿ ಕೂರಿಸುತ್ತಾರೆ. ಆಗ ಹಳೆಯ ಅಳತೆಯ ಬೋಲ್ಟೇ ಹಿಡಿಯುತ್ತದೆ. ಇದನ್ನು ಗ್ಯಾರೇಜಿನಲ್ಲೋ ಲೇಥ್ ಅಂಗಡಿಯಲ್ಲೋ ಮಾಡಿಸಿ.

ಕೊಳ್ಳುವಾಗ

ನಲವತ್ತು ತುಂಡುಗಳ ಅಗ್ಗದ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಮನೆಯಲ್ಲಿ ಬೇಕಾಗುವುದು 6, 8, 10ರ ಅಳತೆಗಳು ಮಾತ್ರ. ಅಷ್ಟನ್ನೇ ಒಳ್ಳೆಯದಾಗಿ ಕೊಳ್ಳಿ. ಟ್ಯಾಪು, ಡೈಗಳ ಮೇಲೆ ಅಳತೆ, ಪಿಚ್ ಮತ್ತು 'ಎಚ್‌ಎಸ್‌ಎಸ್' ಎಂಬ ಗುರುತು ಇರಲಿ. ಊರಿನಲ್ಲಿ ಸಿಗದ ಅಳತೆಗೆ ಬೆಳಗಾವಿ, ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಿವೆ.

ಇವನ್ನು ಮುಟ್ಟಬೇಡಿ

ಬ್ರೇಕು, ಸ್ಟೀರಿಂಗು, ಚಕ್ರದ ಬೋಲ್ಟು ಮತ್ತು ತಲೆಯ ಮೇಲೆ ತೂಗುವ ಫ್ಯಾನಿನ ಬೋಲ್ಟುಗಳ ಥ್ರೆಡ್ ಕೆಟ್ಟರೆ ಕೆತ್ತಿ ಸರಿಪಡಿಸಬೇಡಿ, ಹೊಸದನ್ನೇ ಹಾಕಿಸಿ. ಗ್ಯಾಸ್ ರೆಗ್ಯುಲೇಟರ್‌ಗೆ ಕೈ ಹಾಕಲೇಬೇಡಿ. ಸೈಕಲ್ಲಿನ ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ; ತಿಳಿಯದೆ ಬಲ ಹಾಕಿ ಎಷ್ಟೋ ಜನ ಅದನ್ನು ಕೆಡಿಸಿದ್ದಾರೆ. ಕೆಲಸ ಮಾಡುವಾಗ ದುಪಟ್ಟಾ, ಸೆರಗು ಬಿಗಿದು ಕಟ್ಟಿಕೊಳ್ಳಿ. ಲೋಹದ ಚೂರುಗಳನ್ನು ಬೆರಳಿನಿಂದಲ್ಲ, ಬ್ರಷ್‌ನಿಂದ ತೆಗೆಯಿರಿ.

ಮತ್ತೆ ಆ ಹೊಲಿಗೆ ಯಂತ್ರಕ್ಕೆ ಬರೋಣ. ಸ್ಟ್ಯಾಂಡಿನ ತೂತಿನಲ್ಲಿ ತುಕ್ಕಷ್ಟೇ ತುಂಬಿದ್ದರೆ ಸ್ವಚ್ಛ ಮಾಡಿದರೆ ಸಾಕು. ಥ್ರೆಡ್ ಸವೆದಿದ್ದರೆ ಲೇಥ್ ಅಂಗಡಿಯವನು ತೂತನ್ನು ಒಂದು ಅಳತೆ ದೊಡ್ಡದು ಮಾಡಿ, ಅದಕ್ಕೆ ತಕ್ಕ ಬೋಲ್ಟನ್ನು ಹಳೆಯದರಂತೆ ತುದಿ ಚೂಪು ಮಾಡಿ ಕೊಡಬಲ್ಲ. ಹೊಸ ಸ್ಟ್ಯಾಂಡ್ ಬೇಕಾಗಿಲ್ಲ. ಇಷ್ಟು ತಿಳಿದಿದ್ದರೆ ಮಿಸ್ತ್ರಿಯ ಮುಂದೆ ನೀವೇ ಕೇಳಬಹುದು: "ಚೂಡಿ ಹೋಗಿದ್ದು ಬೋಲ್ಟಿಂದೋ, ತೂತಿಂದೋ?"

ಇನ್ನೊಂದು ಮಾತು. ಯಾವ ಬೋಲ್ಟನ್ನೇ ಆಗಲಿ ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಒಗ್ಗದಿದ್ದರೆ ಅದು ಓರೆಯಾಗಿದೆ ಎಂದೇ ತಿಳಿಯಿರಿ. ತೆಗೆದು ಮತ್ತೆ ಹಾಕಿ. ಪಾನಾ ಹಿಡಿಯುವುದು ಆಮೇಲೆ.