ಸೊನ್ನೆ ರೂಪಾಯಿಯ ಸಾಲ

ಜಮಾಖರ್ಚಿನ ಪುಸ್ತಕ ಸಂಸಾರದ ಕನ್ನಡಿಯೆಂದು ನಮ್ಮ ಹಿರಿಯರು ನಂಬಿದ್ದರು. ಆದರೆ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಗೃಹಸ್ಥನು ಇಂದು ಆ ಪುಸ್ತಕವನ್ನು ತೆರೆದರೆ, ಅದರಲ್ಲಿ ಕಾಣದ ಸಾಲವೊಂದು ಉಂಟು. ಅದು ಗಾಳಿಗೆ ಸೇರಿಸಿದ ಇಂಗಾಲದ ಸಾಲ.

14.2 ಕಿಲೋ ಅಡುಗೆ ಅನಿಲದ ಒಂದು ಸಿಲಿಂಡರು ಉರಿದು ಮುಗಿದಾಗ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ಉರಿಯುವಾಗ ಗಾಳಿಯ ಆಮ್ಲಜನಕವೂ ಕೂಡುವುದರಿಂದ ತೂಕ ಹೀಗೆ ಬೆಳೆಯುತ್ತದೆ. ಒಂದು ಲೀಟರು ಪೆಟ್ರೋಲಿನದು ಸುಮಾರು 2.3 ಕಿಲೋ. ಇವನ್ನು ರಸೀತಿಯಿಂದಲೇ ಎಣಿಸಬಹುದು.

ವಿದ್ಯುತ್ತಿನ ಮಾತು ಬೇರೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲು ಸೊನ್ನೆಯಾಯಿತು. ಬಡವರ ಹೊರೆ ಇಳಿದುದು ಒಳ್ಳೆಯದೇ. ಆದರೆ ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕಿಲೋ. ತಿಂಗಳಿಗೆ 100 ಯೂನಿಟ್ಟು ಬಳಸಿದ ಮನೆ, ಕಾಸೂ ಕೊಡದೆ, 70 ಕಿಲೋ ಸಾಲ ಮಾಡಿರುತ್ತದೆ.

ಬೆಲೆ ಹೆಚ್ಚಾದುದೆಲ್ಲ ಭಾರವೂ ಅಲ್ಲ. ಚನ್ನಪಟ್ಟಣದ ಬೊಂಬೆಗೆ ಪ್ಲಾಸ್ಟಿಕ್ಕಿನ ಆಟಿಕೆಗಿಂತ ಹೆಚ್ಚು ಹಣ ತೆರಬೇಕಾಗಬಹುದು. ಆದರೆ ಅದರ ಮರವೂ ಅರಗೂ ಭೂಗರ್ಭದ ತೈಲದಿಂದ ಬಂದವಲ್ಲ.

ಆದುದರಿಂದ ರೂಪಾಯಿಯ ಪಕ್ಕದಲ್ಲಿ ಯೂನಿಟ್ಟು, ಲೀಟರು, ಕಿಲೋಗಳನ್ನೂ ಬರೆದಿಡೋಣ. ಹವಾಮಾನ ಕೆಟ್ಟರೆ ಈ ಸಾಲಕ್ಕೆ ಮೊದಲು ಬಡ್ಡಿ ತೆರುವವನು, ಮಳೆಯನ್ನೇ ನಂಬಿ ರಾಗಿ ಬಿತ್ತುವ ನಮ್ಮ ನೆರೆಯವನು.